ಕೆಳಬೀದಿಯ ಗಂಜಿ ಟ್ಯಾಂಕು

ಹೋದ ತಿಂಗಳು ಹೆಬ್ಬಾಳದ ಮೇಲ್ಸೇತುವೆಯ ಮೇಲೆ ನಮ್ಮ ಕಾರು ಮುಕ್ಕಾಲು ಗಂಟೆ ನಿಂತಿತ್ತು. ಆ ಸೇತುವೆಯನ್ನು ಬಲ್ಲವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಕಾರು ನಡೆಸುತ್ತಿದ್ದ ಮಗಳು ಸ್ಟಿಯರಿಂಗ್ ಮೇಲೆ ಬೆರಳು ಬಡಿಯುತ್ತಾ ಕೂತಿದ್ದಳು. ನಾನು ಒಂದು ಕಡೆ ಕೆರೆ ನೋಡಿದೆ, ಇನ್ನೊಂದು ಕಡೆ ಜಾಹೀರಾತಿನ ಫಲಕಗಳನ್ನು ಓದಿದೆ, ಕೊನೆಗೆ ಓದಲು ಬೇರೇನೂ ಉಳಿಯದೆ ಮುಂದಿನ ಕಾರಿನ ನಂಬರು ಓದಿದೆ. ಕೆಎ ೨೮.

"ಬಿಜಾಪುರದ ಗಾಡಿ," ಎಂದೆ.

"ಈಗ ವಿಜಯಪುರ ಕಣಮ್ಮಾ," ಎಂದು ಮಗಳು ತಿದ್ದಿದಳು. ಆಮೇಲೆ, "ಅದೆಲ್ಲಾ ನಿನಗೆ ಹೇಗೆ ಗೊತ್ತು? ನಮ್ಮ ಕಾರಿನ ನಂಬರೇ ನಿನಗೆ ನೆನಪಿರಲ್ಲ," ಎಂದಳು.

ಮಾತು ನಿಜ. ನನಗೆ ನಂಬರುಗಳು ನೆನಪಿರುವುದಿಲ್ಲ. ಆದರೆ ಬಿಜಾಪುರಕ್ಕೆ ಸಂಬಂಧಿಸಿದ್ದು ಏನಿದ್ದರೂ, ಅದು ರೈಲಿನ ಬೋರ್ಡಾಗಲಿ, ಮಾರುಕಟ್ಟೆಯಲ್ಲಿ ದ್ರಾಕ್ಷಿ ಪೆಟ್ಟಿಗೆಯ ಮೇಲಿನ ಚೀಟಿಯಾಗಲಿ, ನನ್ನ ಕಣ್ಣಿಗೆ ತಾನಾಗಿ ಬೀಳುತ್ತದೆ. ಅದಕ್ಕೆ ಕಾರಣ ಸುಭದ್ರಕ್ಕ. ಸೇತುವೆಯ ಮೇಲೆ ಸಮಯ ಬೇಕಾದಷ್ಟಿತ್ತು. ಮಗಳಿಗೆ ಹೇಳಿದ್ದನ್ನೇ ಈಗ ನಿಮಗೂ ಹೇಳುತ್ತೇನೆ.

ಎಪ್ಪತ್ತರ ದಶಕದ ನಡುವಿನ ಮಾತು. ಆರ್.ಟಿ. ನಗರದಿಂದ ಹೆಬ್ಬಾಳದ ಕೆರೆಯ ಕಡೆಗೆ ಇಳಿಯುವ ದಿಬ್ಬದ ಮೇಲೆ ಹೊಸದೊಂದು ಬಡಾವಣೆ ಆಗಿತ್ತು. ಹೊಸದು ಎಂದರೆ ಮನೆಗಳು ಹೊಸವು. ಸುತ್ತ ಇದ್ದದ್ದು ರಾಗಿ ಹೊಲ, ದ್ರಾಕ್ಷಿ ತೋಟ, ಸಂಜೆಯಾದರೆ ನರಿ ಕೂಗು. ದಿಬ್ಬದ ನೆತ್ತಿಯಲ್ಲಿ ಸ್ವಂತ ಮನೆ ಕಟ್ಟಿಕೊಂಡವರು, ಅದು ಮೇಲ್ಬೀದಿ. ಇಳಿಜಾರಿನ ಕೊನೆಯಲ್ಲಿ ನಮ್ಮಂಥ ಬಾಡಿಗೆಯವರು, ಅದು ಕೆಳಬೀದಿ. ನನ್ನ ಗಂಡ ಯಶವಂತಪುರದ ಕಡೆ ಒಂದು ಕಾರ್ಖಾನೆಯಲ್ಲಿ ಪಾಳಿಯ ಕೆಲಸಕ್ಕೆ ಹೋಗುತ್ತಿದ್ದರು. ನಾನು ಹೆಬ್ಬಾಳದ ಒಂದು ಪುಟ್ಟ ಶಾಲೆಯಲ್ಲಿ ಮೇಡಂ. ಕನ್ನಡ ಮತ್ತು ಸಮಾಜ ಪಾಠ ಹೇಳಿಕೊಡುತ್ತಿದ್ದೆ. ಸಮಾಜ ಪಾಠದ ಈ ವಿಷಯವನ್ನು ಮುಚ್ಚಿಡಬಹುದಾಗಿತ್ತು. ಮುಂದೆ ನನ್ನ ಮಾನ ಹೋಗುವುದು ಅದರಿಂದಲೇ.

ನಮ್ಮ ಪಕ್ಕದ ಮನೆಗೆ ಒಂದು ದಿನ ಇಬ್ಬರು ಹೆಂಗಸರು ಬಾಡಿಗೆಗೆ ಬಂದರು. ಒಬ್ಬರು ವಯಸ್ಸಾದ ತಾಯಿ, ಇನ್ನೊಬ್ಬರು ಮೂವತ್ತೈದರ ಆಸುಪಾಸಿನ ಮಗಳು ಸುಭದ್ರಾಬಾಯಿ. ಎತ್ತರದ ಆಳು, ಇಳಕಲ್ ಸೀರೆ, ಹೆಗಲಿಗೆ ಉದ್ದನೆಯ ತಗಡಿನ ಕೊಳವೆ. ಕೊಳವೆಯೊಳಗೆ ಏನಿದೆ ಎಂಬುದು ಕೆಳಬೀದಿಯ ಹೆಂಗಸರನ್ನು ಎರಡು ದಿನ ನಿದ್ದೆಗೆಡಿಸಿದ ಪ್ರಶ್ನೆಯಾಗಿತ್ತು. ಮೂರನೆಯ ದಿನ ನಾನೇ ಹೋಗಿ ಕೇಳಿದೆ. ಅವರು ಸರ್ಕಾರಿ ಕಚೇರಿಯೊಂದರಲ್ಲಿ ಟ್ರೇಸರ್ ಆಗಿದ್ದರು. ಇಂಜಿನಿಯರು ಪೆನ್ಸಿಲಿನಲ್ಲಿ ಬರೆದ ನಕ್ಷೆಯನ್ನು ಮೇಣದ ಬಟ್ಟೆಯ ಮೇಲೆ ಕಪ್ಪು ಮಸಿಯಲ್ಲಿ ತಿದ್ದಿ ತೆಗೆಯುವ ಕೆಲಸ. ಮದುವೆಯಾಗಿರಲಿಲ್ಲ. ಇದು ನಮ್ಮ ಬೀದಿಗೆ ಮಾತಾಡಲು ಸಿಕ್ಕ ಮೊದಲ ವಿಷಯ. ಎರಡನೆಯದು ಅವರ ಕನ್ನಡ. ಮೂರನೆಯದು ಬಿಜಾಪುರ.

ಆ ಊರಿನ ಬಗ್ಗೆ ಅವರು ಮಾತು ತೆಗೆಯದ ದಿನವೇ ಇರಲಿಲ್ಲ. ಬೋರ್‌ವೆಲ್ ಕೈಪಂಪಿನ ಮುಂದೆ ಸಾಲಿನಲ್ಲಿ ನಿಂತು ನಾವು ಸೊಪ್ಪಿನ ಬೆಲೆಯೋ ಅತ್ತೆಯ ಕಾಟವೋ ಮಾತಾಡುತ್ತಿದ್ದರೆ, ಸುಭದ್ರಕ್ಕ ಬಿಂದಿಗೆಯನ್ನು ಸೊಂಟಕ್ಕೇರಿಸಿ ಶುರು ಮಾಡುತ್ತಿದ್ದರು.

"ನಮ್ಮ ಗೋಳಗುಮ್ಮಟದಾಗ ನೀವು ಇತ್ಲಾಗ ಗ್ವಾಡಿಗೆ ಬಾಯಿ ಹಚ್ಚಿ ಪಿಸುಗುಟ್ಟಿದ್ರ ಅತ್ಲಾಗ ನಿಂತವ್ರಿಗೆ ಕೇಳಸ್ತೈತ್ರಿ. ಒಮ್ಮೆ ಕೂಗಿದ್ರ ಏಳು ಸಲ ತಿರುಗಿ ಬರ್ತೈತಿ."

"ಅಯ್ಯೋ, ನಮ್ಮತ್ತೆ ಕೂಗಿದ್ರೂ ಹಂಗೇ ಕಣ್ರೀ," ಎಂದು ಯಾರೋ ಅನ್ನುವರು. ಎಲ್ಲರೂ ನಗುವರು. ಸುಭದ್ರಕ್ಕನೂ ನಗುವರು, ಮತ್ತೆ ಮುಂದುವರಿಸುವರು. ಕೋಟೆಯ ಬುರುಜಿನ ಮೇಲೆ ಒಂದು ತೋಪು ಇದೆ. ಅದನ್ನು ಎಳೆದು ತರಲು ನೂರಾರು ಎತ್ತು ಹೂಡಿದ್ದರು. ಬೆರಳಿನಿಂದ ಬಡಿದರೆ ಗಂಟೆಯಂತೆ ಸದ್ದು ಕೊಡುತ್ತದೆ. ಅದನ್ನು ಹಾರಿಸುವವನು ಬತ್ತಿಗೆ ಬೆಂಕಿ ಇಟ್ಟ ಕೂಡಲೇ ಕಿವಿ ಹೋಗದಿರಲೆಂದು ಪಕ್ಕದ ನೀರಿನ ತೊಟ್ಟಿಗೆ ಧುಮುಕುತ್ತಿದ್ದನಂತೆ. ಬ್ರಿಟಿಷರು ಆ ತೋಪನ್ನು ಒಮ್ಮೆ ಹರಾಜಿಗೆ ಹಾಕಿದ್ದರಂತೆ. ಕೂಗಿದ ಬೆಲೆ ಎಷ್ಟು ಕಡಿಮೆಯೆಂದರೆ ನಾಚಿ ಮಾರಾಟವನ್ನೇ ಕೈಬಿಟ್ಟರಂತೆ. ಊರನ್ನಾಳಿದ ಸುಲ್ತಾನನೊಬ್ಬ ಸರಸ್ವತಿಯ ಭಕ್ತನಾಗಿದ್ದ, ವೀಣೆಯ ನಾದಕ್ಕೆ ಮನಸೋತು ಪದ ಕಟ್ಟಿ ಹಾಡುತ್ತಿದ್ದ. ಇದನ್ನು ಕೇಳಿದ ಮೇಲ್ಬೀದಿಯ ಹಿರಿಯರೊಬ್ಬರು, "ಬಾಯಿಗೆ ಬಂದದ್ದು ಹೇಳ್ತಾಳೆ," ಎಂದು ಮುಖ ತಿರುಗಿಸಿದ್ದು ನನಗೆ ನೆನಪಿದೆ.

ನಮಗೆ ಎಲ್ಲಕ್ಕಿಂತ ನಗು ಬಂದದ್ದು ತೋಪಿನ ಇನ್ನೊಂದು ಸಂಗತಿಗೆ. ಸುಡುವ ಬೇಸಿಗೆಯ ಮಧ್ಯಾಹ್ನದಲ್ಲೂ ಆ ತೋಪು ಮುಟ್ಟಿದರೆ ತಣ್ಣಗಿರುತ್ತದೆ ಎಂದರು ಸುಭದ್ರಕ್ಕ. "ಬಿಸಲಾಗ ಬಿದ್ದ ಲೋಹ ತಣ್ಣಗಿರತ್ತೇನ್ರೀ? ನಮ್ಮ ಬಾಣಲೆನೂ ಅಲ್ಲೇ ಮಾಡಿಸಿದ್ರೆ ಕೈ ಸುಡ್ತಾ ಇರ್ಲಿಲ್ಲ," ಎಂದೆ ನಾನು, ಅವರ ಧಾಟಿಯನ್ನು ಅಣಕಿಸುತ್ತಾ. ಅಂದು ಎಲ್ಲರಿಗಿಂತ ಜೋರಾಗಿ ನಕ್ಕದ್ದೂ ನಾನೇ. ಅವರಿಗೆ 'ಗುಮ್ಮಟ' ಎಂದು ಅಡ್ಡಹೆಸರಿಟ್ಟದ್ದೂ, ಹೇಳಲು ನಾಚಿಕೆ, ನಾನೇ.

ಆ ಹೆಸರು ಒಂದು ದಿನ ಅವರ ಕಿವಿಗೆ ಬಿತ್ತು. ನನ್ನ ಬಾಯಿಂದಲೇ ಬಿತ್ತು. ಅವರು ಬೆನ್ನ ಹಿಂದೆ ನಿಂತದ್ದು ನನಗೆ ಕಾಣಲಿಲ್ಲ. ಭೂಮಿ ಬಾಯಿ ಬಿಡಬಾರದೇ ಅನಿಸಿತು. ಸುಭದ್ರಕ್ಕ ನನ್ನ ಭುಜದ ಮೇಲೆ ಕೈಯಿಟ್ಟರು. "ಗುಮ್ಮಟ ಅಂದ್ರ ಬೈಗಳ ಅಂತ ತಿಳದೀಯೇನು ತಂಗಿ? ನೀ ಅದರ ಕೆಳಗ ನಿಂತು ಒಮ್ಮೆನೂ ತಲಿ ಎತ್ತಿ ನೋಡಿಲ್ಲ. ಅದಕ್ಕ ಹಂಗಂತಿ," ಎಂದು ನೀರು ತುಂಬಿಕೊಂಡು ಹೋದರು. ಕೋಪವಿದ್ದಿದ್ದರೆ ಚೆನ್ನಾಗಿತ್ತು. ಆ ದಿನದಿಂದ ನಾನು ಅವರನ್ನು 'ಅಕ್ಕ' ಎಂದು ಕರೆಯತೊಡಗಿದೆ. ಮೊದಲು ನಾಚಿಕೆಯಿಂದ, ಆಮೇಲೆ ಪ್ರೀತಿಯಿಂದ.

ಈಗ ನೀರಿನ ವಿಷಯಕ್ಕೆ ಬರುತ್ತೇನೆ. ಕಾವೇರಿ ನೀರು ನಮ್ಮ ಕಡೆಗೆ ಬಂದದ್ದು ಬಹಳ ವರ್ಷಗಳ ಮೇಲೆ. ಬೀದಿಯ ಕೈಪಂಪು ಬತ್ತಿದ ಮೇಲೆ ಬಡಾವಣೆಯ ನಿವಾಸಿಗಳೇ ಸಂಘ ಮಾಡಿಕೊಂಡು, ದಿಬ್ಬದ ನೆತ್ತಿಯಲ್ಲಿ ಒಂದು ಬೋರ್‌ವೆಲ್ ತೋಡಿಸಿ, ಎತ್ತರದ ಟ್ಯಾಂಕು ಕಟ್ಟಿಸಿ, ಅಲ್ಲಿಂದ ಕೆಳಬೀದಿಯವರೆಗೆ ಅಗ್ಗದ ಸಿಮೆಂಟು ಪೈಪು ಹಾಕಿಸಿದರು. ಮನೆ ಬಾಗಿಲಿಗೆ ನಲ್ಲಿ ಬಂದ ದಿನ ನಾವು ನಲ್ಲಿಗೆ ಕುಂಕುಮ ಹಚ್ಚಿದೆವು. ಆ ಸಂಭ್ರಮ ಹದಿನೈದು ದಿನ ಇತ್ತು.

ಆಮೇಲೆ ಪೈಪು ಒಡೆಯತೊಡಗಿತು. ವಾರಕ್ಕೊಂದು ಸಲವಾದರೂ ಕೆಳಬೀದಿಯ ತಿರುವಿನಲ್ಲಿ ಪೈಪಿನ ಕೀಲು ಬಿಟ್ಟುಕೊಂಡು ಕಾರಂಜಿ ಏಳುತ್ತಿತ್ತು. ರಸ್ತೆಯೆಲ್ಲ ಕೆಸರು. ಅತ್ತ ಮೇಲ್ಬೀದಿಯ ನಲ್ಲಿಗಳಲ್ಲಿ ಬರೀ ಗಾಳಿ, ಏಕೆಂದರೆ ಟ್ಯಾಂಕಿನ ನೀರೆಲ್ಲ ಅವರ ಮನೆ ಮುಂದೆಯೇ ಓಡಿ ಕೆಳಗೆ ಬಂದು ಕೆಸರಾಗುತ್ತಿತ್ತು. ಟ್ಯಾಂಕು ಬರಿದಾದ ಮೇಲೆ ನಮಗೂ ಇಲ್ಲ. ಮೇಲ್ಬೀದಿಯವರು ನಾವು ನೀರು ಕದಿಯುತ್ತೇವೆ ಎಂದರು. ನಾವು ಅವರು ಕೀಲು ಸಡಿಲಿಸುತ್ತಾರೆ ಎಂದೆವು. ಹಬ್ಬಕ್ಕೆ ಎಳ್ಳು ಬೀರಲು ಕೂಡ ಹೋಗದಷ್ಟು ಮನಸ್ಸು ಕೆಟ್ಟಿತು.

ಸಂಘದ ಅಧ್ಯಕ್ಷರು ಶ್ರೀಕಂಠಯ್ಯನವರು. ನಿವೃತ್ತ ಇಂಜಿನಿಯರು, ಬಿಳಿ ಪಂಚೆ, ಬಿಳಿ ಮೀಸೆ, ಕೈಯಲ್ಲಿ ಸದಾ ಛತ್ರಿ. ನಗುವುದು ಕಡಿಮೆ, ಸುಳ್ಳು ಹೇಳುವುದು ಇಲ್ಲವೇ ಇಲ್ಲ. ಒಂದು ಭಾನುವಾರ ಅವರು ಟ್ಯಾಂಕಿನ ಕೆಳಗೆ ಸಭೆ ಕರೆದರು.

"ಕಬ್ಬಿಣದ ಪೈಪು ಹಾಕಿಸೋ ಶಕ್ತಿ ಸಂಘಕ್ಕಿಲ್ಲ. ಹೀಗೇ ಬಿಟ್ರೆ ಯಾರಿಗೂ ನೀರಿಲ್ಲ. ಅದಕ್ಕೇ ಕೆಳಬೀದಿಯ ಲೈನು ಮುಚ್ಚಬೇಕು ಅಂತ ತೀರ್ಮಾನ. ಕೆಳಗಿನವರು ಕೆರೆ ಹತ್ತಿರದ ಹಳೇ ಬಾವಿ ಬಳಸ್ಕೋಬೇಕು. ನನಗೂ ಬೇಜಾರಿದೆ. ಬೇರೆ ದಾರಿ ಕಾಣ್ತಿಲ್ಲ," ಎಂದರು.

ಕೆರೆಯ ಹತ್ತಿರದ ಬಾವಿ ನಮ್ಮ ಮನೆಯಿಂದ ಕಾಲುಗಂಟೆಯ ದಾರಿ. ನಾನಾಗ ಆರು ತಿಂಗಳ ಬಸುರಿ. ಗಂಡ ಪಾಳಿಗೆ ಹೋಗಿದ್ದರು. ಎದ್ದು ಒಂದು ಮಾತು ಹೇಳಬೇಕು ಎಂದುಕೊಂಡೆ. ತರಗತಿಯಲ್ಲಿ ನಲವತ್ತು ಮಕ್ಕಳನ್ನು ಗದರಿಸುವ ಬಾಯಿ ಅಲ್ಲಿ ಬಿಚ್ಚಲಿಲ್ಲ. ಸೆರಗಿನ ತುದಿ ತಿರುಚುತ್ತಾ ಕೂತೆ. ನನ್ನ ಪಕ್ಕದಲ್ಲಿದ್ದ ಸುಭದ್ರಕ್ಕ ನನ್ನ ಕೈ ನೋಡಿದರು, ಹೊಟ್ಟೆ ನೋಡಿದರು, ಎದ್ದು ನಿಂತರು.

"ಸಾಹೇಬ್ರ, ಒಂದು ಮಾತ್ರಿ. ಲೈನು ಮುಚ್ಚಬ್ಯಾಡ್ರಿ. ನಡುವ ಒಂದು ಗಂಜ್ ಕಟ್ಟಸ್ರಿ."

"ಏನು? ಗಂಜಿನಾ?" ಎಂದರು ಯಾರೋ. ಸಭೆ ಗೊಳ್ಳೆಂದಿತು. "ನೀರಿಲ್ಲ ಅಂದ್ರೆ ಗಂಜಿ ಕಾಯಿಸ್ತಾರಂತೆ ಕಣ್ರೋ!"

ಸುಭದ್ರಕ್ಕ ನಗು ಮುಗಿಯುವ ತನಕ ಕಾದರು. "ಗಂಜಿ ಅಲ್ರಿ, ಗಂಜ್. ನಮ್ಮ ಬಿಜಾಪುರದಾಗ ಊರ ತುಂಬ ಅದಾವು. ಕಲ್ಲಿನ ಗೋಪುರ ಇದ್ದಂಗ. ಸುಲ್ತಾನರು ದೂರದ ಕೆರಿಯಿಂದ ಮಣ್ಣಿನ ಪೈಪಿನಾಗ ಊರಿಗೆ ನೀರು ತಂದಿದ್ರು. ನೀರು ಇಳಕೊಂತ ಬಂದ್ರ ಅದಕ್ಕ ಸೊಕ್ಕು ಬರ್ತೈತ್ರಿ, ಪೈಪ್ ಒಡೀತೈತಿ. ಅದಕ್ಕ ಅಲ್ಲಲ್ಲೆ ಒಂದು ಗಂಜ್ ಕಟ್ಟಿ, ನೀರನ್ನ ಅದರ ಮ್ಯಾಲ ಹತ್ತಿಸಿ, ಬಯಲಿಗೆ ತಂದು, ಉಸರು ಬಿಡಿಸಿ, ಮತ್ತ ಕೆಳಗ ಬಿಡ್ತಿದ್ರು. ಸೊಕ್ಕು ಇಳದ ನೀರು ಸುಮ್ಮನ ಹೋಗ್ತೈತಿ. ಮಣ್ಣಿನ ಪೈಪು ತಡಕೊಂಡಾವಂದ್ರ ನಿಮ್ಮ ಪೈಪು ತಡ್ಯಾಂಗಿಲ್ಲೇನ್ರಿ?"

"ನೀವು ಇಂಜಿನಿಯರಾ?" ಎಂದು ಸಂಘದ ಕಾರ್ಯದರ್ಶಿ ಕೇಳಿದ.

"ಅಲ್ರಿ. ಟ್ರೇಸರ್. ನಮ್ಮಪ್ಪ ಗೌಂಡಿ ಇದ್ದ. ಹಳೇ ಗಂಜ್ ದುರಸ್ತಿ ಮಾಡೋ ಕೆಲಸ ಅವನದು. ಅವಗ ಬುತ್ತಿ ಒಯ್ದು ಕೊಡಾಕ ನಾ ಅದರ ಮ್ಯಾಲ ಹತ್ತಿ ಇಳದೀನಿ."

"ಬುತ್ತಿ ಕೊಟ್ಟೋರೆಲ್ಲಾ ಇಂಜಿನಿಯರ್ ಆದ್ರೆ ನಮ್ಮ ಹೆಂಡ್ತಿನೂ ಇಂಜಿನಿಯರ್ರೇ," ಎಂದ ಕಾರ್ಯದರ್ಶಿ. ಮತ್ತೆ ನಗು. ಶ್ರೀಕಂಠಯ್ಯನವರು ಮಾತ್ರ ನಗಲಿಲ್ಲ. ಮೀಸೆ ತಿರುವಿ, "ಯಾವ ಪುಸ್ತಕದಲ್ಲಿದೆ ಇದು?" ಎಂದರು.

"ಪುಸ್ತಕ ಗೊತ್ತಿಲ್ರಿ. ಬಿಜಾಪುರದಾಗ ಐತಿ. ಹೋಗಿ ನೋಡ್ರಿ."

ಶ್ರೀಕಂಠಯ್ಯನವರು ಒಂದು ತಿಂಗಳ ಗಡುವು ಕೊಟ್ಟರು. ಮಗಳನ್ನು ಸೊಲ್ಲಾಪುರಕ್ಕೆ ಕೊಟ್ಟಿದ್ದರು, ಅಲ್ಲಿಗೆ ಹೋಗುವುದಿತ್ತು. ಬಂದ ಮೇಲೆ ಲೈನು ಮುಚ್ಚಿಸುವುದು ಎಂದಾಯಿತು. ಬಿಜಾಪುರಕ್ಕೆ ಹೋಗುತ್ತೇನೆ ಎಂದು ಅವರು ಹೇಳಲಿಲ್ಲ. ನಮಗೂ ಆ ಆಸೆ ಇರಲಿಲ್ಲ.

ಆ ತಿಂಗಳು ಸುಭದ್ರಕ್ಕ ದಿನಾ ಕಚೇರಿಯಿಂದ ಬಂದು ಮನೆಯ ಮುಂದಿನ ಕಟ್ಟೆಯ ಮೇಲೆ ಮಣೆ ಹಾಕಿಕೊಂಡು ನಕ್ಷೆ ಬರೆದರು. ಬೆಳಕು ಇರುವವರೆಗೆ ಬರೆಯುವುದು, ಕತ್ತಲಾದ ಕೂಡಲೇ ಸುತ್ತಿ ಕೊಳವೆಗೆ ಹಾಕುವುದು. ನಾನು ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿರುತ್ತಿದ್ದೆ. ಮಟ್ಟಕ್ಕೆ ಗಾಜಿನ ಲೋಟದಲ್ಲಿ ನೀರಿಟ್ಟು, ಇಳಿಜಾರನ್ನು ಕಣ್ಣಳತೆಯಲ್ಲೇ ನೋಡಿ, ಬಿದಿರು ಗಳು ನೆಟ್ಟು ದಾರ ಕಟ್ಟಿ ಅಳೆದರು. ಜನ ನೋಡಿ ನಕ್ಕು ಹೋಗುವರು. ದಾರದ ಇನ್ನೊಂದು ತುದಿ ಹಿಡಿಯುತ್ತಿದ್ದದ್ದು ನಾನು. ನನ್ನ ಮಟ್ಟಿಗೆ ಅದು ಕ್ಷಮೆ ಕೇಳಿದ ಹಾಗೆ.

"ಅಕ್ಕಾ, ಸಾಹೇಬರು ಒಪ್ಪದಿದ್ರೆ?" ಎಂದು ಒಂದು ದಿನ ಕೇಳಿದೆ.

"ಒಪ್ಪಲಿಲ್ಲಂದ್ರ ನಿನ್ನ ಕೊಡ ನಾ ಹೊರ್ತೀನಿ. ನೀ ಬಾವಿಗೆ ಹೋಗೂದು ಬ್ಯಾಡ," ಎಂದರು, ಗೆರೆಯಿಂದ ಕಣ್ಣು ಎತ್ತದೆ. ಅಡ್ಡಹೆಸರು ಇಟ್ಟವಳಿಗೆ ಸಿಕ್ಕ ಉತ್ತರ ಅದು.

ಶ್ರೀಕಂಠಯ್ಯನವರು ಹೇಳಿದ ದಿನಕ್ಕಿಂತ ಎರಡು ದಿನ ತಡವಾಗಿ ಬಂದರು. ಮತ್ತೆ ಟ್ಯಾಂಕಿನ ಕೆಳಗೆ ಸಭೆ. ಲೈನು ಮುಚ್ಚಲು ಕೊಳಾಯಿಯವನೂ ಹತ್ಯಾರು ಹಿಡಿದು ಬಂದಿದ್ದ. ಅಧ್ಯಕ್ಷರು ಛತ್ರಿಯನ್ನು ನೆಲಕ್ಕೂರಿ ನಿಂತು, ಯಾರ ಮುಖವನ್ನೂ ನೋಡದೆ ಶುರು ಮಾಡಿದರು.

"ಸೊಲ್ಲಾಪುರದಿಂದ ಬರೋವಾಗ ಬಿಜಾಪುರದಲ್ಲಿ ಇಳಿದೆ. ಎರಡು ದಿನ ಇದ್ದೆ."

ಕೊಳಾಯಿಯವನು ಹತ್ಯಾರು ಕೆಳಗಿಟ್ಟ.

"ಗಂಜುಗಳನ್ನ ನೋಡಿದೆ. ಒಂದಲ್ಲ, ಹಲವು. ಒಂದರ ಮೇಲೆ ಹತ್ತಿಯೂ ನೋಡಿದೆ. ಆ ಹೆಣ್ಣುಮಗಳು ಹೇಳಿದ್ದು ಅಕ್ಷರಶಃ ಸರಿ. ನೀರು ಏರಿ, ತೊಟ್ಟಿಗೆ ಬಿದ್ದು, ಕೆಸರು ತಳದಲ್ಲಿ ನಿಂತು, ತಿಳಿ ನೀರು ಮುಂದೆ ಹೋಗೋ ಹಾಗೆ ಕಟ್ಟಿದ್ದಾರೆ. ನಾನು ಮೂವತ್ತು ವರ್ಷ ಸರ್ಕಾರಕ್ಕೆ ಇಂಜಿನಿಯರಾಗಿದ್ದೆ. ನಮ್ಮ ರಾಜ್ಯದಲ್ಲೇ ಇಂಥದ್ದೊಂದಿದೆ ಅಂತ ನನಗೆ ಗೊತ್ತಿರಲಿಲ್ಲ. ಅದು ನನ್ನ ತಪ್ಪು." ಛತ್ರಿಯನ್ನು ಕೈ ಬದಲಿಸಿದರು. "ಇನ್ನೊಂದು ವಿಷಯ. ಮಧ್ಯಾಹ್ನ ಹನ್ನೆರಡೂವರೆಗೆ ಬುರುಜು ಹತ್ತಿ ಆ ತೋಪನ್ನ ಮುಟ್ಟಿ ನೋಡಿದೆ. ತಣ್ಣಗಿತ್ತು."

ನನಗೆ ಈಗಲೂ ಆ ಕ್ಷಣ ಕಣ್ಣಿಗೆ ಕಟ್ಟಿದಂತಿದೆ. ಕೆಳಬೀದಿಯ ಹೆಂಗಸರು ಚಪ್ಪಾಳೆ ತಟ್ಟಿದರು. ತೋಪು ತಣ್ಣಗಿದ್ದದ್ದಕ್ಕೆ ಚಪ್ಪಾಳೆ ಏಕೆ ಎಂದು ಮೇಲ್ಬೀದಿಯವರಿಗೆ ಅರ್ಥವಾಗಲಿಲ್ಲ. ಸುಭದ್ರಕ್ಕ ಮಾತ್ರ ತಲೆ ತಗ್ಗಿಸಿ ಕೂತಿದ್ದರು. ಅವರ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು. ಬೆಂಗಳೂರಿಗೆ ಬಂದ ಮೇಲೆ ಅವರ ಊರಿನ ಮಾತನ್ನು ಯಾರಾದರೂ ನಿಜವೆಂದು ಒಪ್ಪಿದ್ದು ಅದೇ ಮೊದಲಿರಬೇಕು.

ನಕ್ಷೆ ಬಿಚ್ಚಿದರು. ಶ್ರೀಕಂಠಯ್ಯನವರು ಕನ್ನಡಕ ಏರಿಸಿ ಅರ್ಧ ಗಂಟೆ ನೋಡಿದರು. ಒಂದೇ ಒಂದು ತಕರಾರು ತೆಗೆದರು. ಬಿಜಾಪುರದಲ್ಲಿ ನೀರು ಹಗಲೂ ಇರುಳೂ ಹರಿಯುತ್ತಿತ್ತು. ನಮ್ಮಲ್ಲಿ ನಲ್ಲಿ ಮುಚ್ಚಿದರೆ ನೀರು ನಿಲ್ಲುತ್ತದೆ, ಗಂಜು ಉಕ್ಕಿ ಹರಿಯುತ್ತದೆ. "ಒಂದು ತೇಲೋ ಚೆಂಡಿನ ವಾಲ್ವ್ ಹಾಕಿಬಿಟ್ರೆ ತೊಟ್ಟಿ ತುಂಬಿದ ಕೂಡ್ಲೇ ತಾನೇ ಮುಚ್ಕೊಳ್ಳತ್ತೆ. ಆಗ ಮೇಲ್ಬೀದಿಗೂ ನೀರು ಉಳಿಯತ್ತೆ. ಆಗಬಹುದಾ?" ಎಂದು ಅವರು ಕೇಳಿದ್ದು ಕಾರ್ಯದರ್ಶಿಯನ್ನಲ್ಲ, ಸುಭದ್ರಕ್ಕನನ್ನು.

"ಅದು ನನಗ ಹೊಳದಿದ್ದಿಲ್ರಿ ಸಾಹೇಬ್ರ. ಹಾಕ್ರಿ," ಎಂದರು ಅಕ್ಕ.

ಕಟ್ಟಲು ಬಂದವನು ಅಲ್ಲಾಳಸಂದ್ರದ ಮುನಿಯಪ್ಪ ಮೇಸ್ತ್ರಿ. ಐವತ್ತು ದಾಟಿದ ಗಟ್ಟಿ ಆಳು. ಚಿಕ್ಕಜಾಲದ ಕಡೆಯಿಂದ ಎತ್ತಿನ ಗಾಡಿಯಲ್ಲಿ ಕಲ್ಲು ತರಿಸಿದ. ನಕ್ಷೆಯನ್ನು ಅವನು ಒಂದು ಸಲ ನೋಡಿ ಬದಿಗಿಟ್ಟ. "ಬಾಯಲ್ಲಿ ಏಳಮ್ಮಾ, ಸಾಕು. ಇಂಗೆ ಮ್ಯಾಕೆ ಅತ್ತಿ, ಇಂಗೆ ಕೆಳೀಕೆ ಇಳೀಬೇಕು. ಅಷ್ಟೇ ತಾನೆ?" ಅಷ್ಟೇ ಆಗಿತ್ತು.

ಸುಭದ್ರಕ್ಕ ರಜೆ ಹಾಕಿ ಎದುರು ಕೂತು ಕಟ್ಟಿಸಿದರು. ಬಿಜಾಪುರದ ಗೌಂಡಿಗಳು ಗಾರೆಗೆ ಏನೇನು ಬೆರೆಸುತ್ತಿದ್ದರು, ಕಲ್ಲಿಗೆ ಕಲ್ಲು ಹೇಗೆ ಕೂಡಿಸುತ್ತಿದ್ದರು ಎಂದು ಅವನಿಗೂ ಹೇಳಿದರು. ಮುನಿಯಪ್ಪ ಎಲ್ಲ ಕೇಳಿದ. ಒಂದು ದಿನ ಊಟದ ಹೊತ್ತಿಗೆ ಅಕ್ಕ ನನ್ನತ್ತ ತಿರುಗಿ, "ಎಲ್ಲಾ ನಮ್ಮೂರಿಂದ ಆತು. ನಿನ್ನ ತವರು ಯಾವುದು ತಂಗಿ? ಅಲ್ಲೇನೈತಿ?" ಎಂದರು.

"ಯಲಹಂಕ ಅಕ್ಕಾ. ಅಲ್ಲೇನಿದೆ? ಒಂದು ಕೆರೆ, ಒಂದು ಸಂತೆ. ನೋಡೋಂಥದ್ದು ಏನೂ ಇಲ್ಲ," ಎಂದೆ.

ಯಲಹಂಕದ ಪಕ್ಕದ ಊರಿನವನಾದ ಮುನಿಯಪ್ಪ ಮುದ್ದೆಯ ತುತ್ತನ್ನು ತಟ್ಟೆಗೆ ವಾಪಸ್ಸು ಇಟ್ಟ. "ಏನೂ ಇಲ್ಲ ಅಂತೀರಲ್ಲಮ್ಮಾ! ಬೆಂಗ್ಳೂರ್ ಉಟ್ಟೋಕೂ ಮುಂಚೆ ನಾಡಪ್ರಭುಗಳು ಎಲ್ಲಿದ್ರು ಅನ್ಕಂಡಿದ್ದೀರಿ? ನಮ್ ಯಲಹಂಕದಾಗೇ. ಅದೇ ರಾಜ್‌ಧಾನಿ. ಅಲ್ಲಿಂದ ಓಗಿ ಬೆಂಗ್ಳೂರ್ ಕೋಟೆ ಕಟ್ಟಿದ್ದು. ಮೇಕ್ರಿ ಸರ್ಕಲ್ ತಾವ ಬಂಡೆ ಮ್ಯಾಲೆ ಗೋಪುರ ಐತಲ್ಲ, ಅದ್ಯಾರ್ದು ಮತ್ತೆ? ನೀವು ಇಸ್ಕೂಲ್ ಮೇಡಂ ಅಲ್ವಾ?"

ನಾನು ಇಸ್ಕೂಲ್ ಮೇಡಮ್ಮೇ. ಸಮಾಜ ಪಾಠದ ಮೇಡಂ. ದಿಲ್ಲಿಯ ಸುಲ್ತಾನರ ಹೆಸರುಗಳನ್ನು ಸಾಲಾಗಿ ಹೇಳಿಸುತ್ತಿದ್ದವಳು. ಪೇಟೆಗೆ ಹೋಗುವಾಗಲೆಲ್ಲ ಬಸ್ಸಿನಲ್ಲಿ ಆ ಗೋಪುರ ದಾಟಿ ಹೋಗುತ್ತಿದ್ದರೂ ಅದು ಏನೆಂದು ತಲೆಗೆ ಬಂದಿರಲಿಲ್ಲ. ನಾನು ಹುಟ್ಟಿ ಬೆಳೆದ ಊರು ಬೆಂಗಳೂರಿಗೆ ತವರುಮನೆ ಎಂಬುದನ್ನು ಗಾರೆ ಕಲಸುವ ಕೈಯಿಂದ ಕಲಿತೆ. ಸುಭದ್ರಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಗಂಭೀರವಾಗಿ, ಮುನಿಯಪ್ಪನಿಗೆ ಕೈ ಮುಗಿದು, "ಅಂದ್ರ ನಾನೂ ನೀನೂ ಇಬ್ರೂ ರಾಜಧಾನಿಯವ್ರ ಆದ್ವಲ್ಲಪ್ಪ ಮೇಸ್ತ್ರಿ," ಎಂದರು. ಅವನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಮರುದಿನದಿಂದ ಅವನು ಕಲ್ಲು ಕೂಡಿಸಿದ ರೀತಿಯೇ ಬೇರೆಯಾಯಿತು. ಎರಡಾಳೆತ್ತರದ ಸಣ್ಣ ಗೋಪುರ. ಆದರೆ ಮೂಲೆಗಳು ಚಾಕುವಿನಿಂದ ಕೊಯ್ದಂತೆ.

ನೀರು ಬಿಡುವ ದಿನ ಬೆಳಿಗ್ಗೆ ಆರಕ್ಕೇ ಎರಡೂ ಬೀದಿಯವರು ಹೊರಗಿದ್ದರು. ಗಂಜಿನ ಹತ್ತಿರ ನಿಂತವರು ಕಡಿಮೆ. ಎಲ್ಲರೂ ಸೇರಿದ್ದು ಕೆಳಬೀದಿಯ ತಿರುವಿನಲ್ಲಿ, ವಾರವಾರ ಒಡೆಯುತ್ತಿದ್ದ ಆ ಕೀಲಿನ ಸುತ್ತ. ಮಣ್ಣು ಬಗೆದು ಕೀಲನ್ನು ಕಾಣುವಂತೆ ಬಿಟ್ಟಿದ್ದರು. ನನಗೆ ಏನು ತೋಚಿತೋ, ಒಳಗೆ ಹೋಗಿ ರಂಗೋಲಿ ಪುಡಿ ತಂದು ಕೀಲಿನ ಮೇಲೆಲ್ಲ ಉದುರಿಸಿದೆ. ಒಂದು ಹನಿ ಜಿನುಗಿದರೂ ಗೊತ್ತಾಗಲಿ ಎಂದು.

ಮೇಲಿನಿಂದ ಕಾರ್ಯದರ್ಶಿ ಕೂಗಿದ: "ಬಿಟ್ಟೆ!"

ಗಂಜಿನ ತೊಟ್ಟಿಗೆ ನೀರು ಬಿದ್ದ ಸದ್ದು ಕೇಳಿಸಿತು. ಅದು ತುಂಬಬೇಕಿತ್ತು. ಶ್ರೀಕಂಠಯ್ಯನವರು ಛತ್ರಿಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಸುಭದ್ರಕ್ಕ ಕಣ್ಣು ಮುಚ್ಚಿ ನಿಂತಿದ್ದರು. ಆಮೇಲೆ ಪೈಪಿನೊಳಗೆ ಒಂದು ಸಣ್ಣ ಗುಳುಗುಳು, ನಮ್ಮ ಮನೆಯ ನಲ್ಲಿಯಿಂದ ಮೊದಲು ಗಾಳಿ, ಆಮೇಲೆ ಕೆಂಪು ನೀರು, ಆಮೇಲೆ ಬೆರಳು ದಪ್ಪದ ತಿಳಿ ನೀರು. ಅಬ್ಬರವಿಲ್ಲ, ಉಗುಳುವುದಿಲ್ಲ. ಸುಮ್ಮನೆ ಬಂತು. ಕೀಲಿನ ಮೇಲಿನ ರಂಗೋಲಿ ಪುಡಿ ಒಣಗಿಯೇ ಇತ್ತು.

ಅರ್ಧ ಗಂಟೆ ಕಾದೆವು. ಒಣಗಿಯೇ ಇತ್ತು. ಅಷ್ಟರಲ್ಲಿ ಮೇಲ್ಬೀದಿಯಿಂದ ಒಬ್ಬಾಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿ ಬಂದರು. "ಬರ್ತಿದೆ ಕಣ್ರೀ! ನಮ್ಮನೇಲೂ ಬರ್ತಿದೆ! ಮಹಡಿ ನಲ್ಲೀಲೂ!" ಎನ್ನುತ್ತಾ ಸುಭದ್ರಕ್ಕನನ್ನು ತಬ್ಬಿಕೊಂಡರು. ಆಕೆ ನಮ್ಮ ಬೀದಿಗೆ ಬರುವುದನ್ನು ಬಿಟ್ಟು ಎಂಟು ತಿಂಗಳಾಗಿತ್ತು.

ಕಾರ್ಯದರ್ಶಿ ದಿಬ್ಬ ಇಳಿದು ಬಂದ. "ಚೆನ್ನಾಗಾಯ್ತು ನಿಮ್ಮ ಗಂಜಿ," ಎಂದ. ಎಲ್ಲರೂ ನಕ್ಕರು. ಈ ಸಲದ ನಗುವಿನ ರುಚಿ ಬೇರೆ. ಅಂದಿನಿಂದ ಅದು ಗಂಜಿ ಟ್ಯಾಂಕು. ಆಟೋದವರಿಗೆ, ಪೋಸ್ಟ್‌ಮ್ಯಾನಿಗೆ, ಹಾಲಿನವನಿಗೆ ನಮ್ಮ ವಿಳಾಸ 'ಗಂಜಿ ಟ್ಯಾಂಕ್ ಹತ್ತಿರ'. ಹೊಸದಾಗಿ ಬಂದವರು ಇಲ್ಲಿ ಬರಗಾಲದಲ್ಲಿ ಗಂಜಿ ಹಂಚುತ್ತಿದ್ದರೇನೋ ಎಂದುಕೊಳ್ಳುತ್ತಿದ್ದರು. ನಾವು ಯಾರೂ ಅದನ್ನು ಒಂದೇ ಮಾತಿನಲ್ಲಿ ತಿದ್ದಿದವರಲ್ಲ. ಕರೆದು ಕೂರಿಸಿ ಕಾಫಿ ಕೊಟ್ಟು ಪೂರ್ತಿ ಕಥೆ ಹೇಳುತ್ತಿದ್ದೆವು. ನನ್ನ ಮಗಳು ಹುಟ್ಟಿದಾಗ ಅವಳ ಮೊದಲ ಸ್ನಾನದ ನೀರು ಆ ಗಂಜಿನಿಂದ ಬಂದದ್ದು.

ಎಂಬತ್ತರ ದಶಕದ ಮೊದಲಲ್ಲಿ ಸುಭದ್ರಕ್ಕ ವರ್ಗ ಮಾಡಿಸಿಕೊಂಡು ತಮ್ಮ ಊರಿಗೆ ಹೋದರು. ಒಂದು ಬೇಸಿಗೆ ರಜೆಯಲ್ಲಿ ನಾನು, ಗಂಡ, ಪುಟ್ಟ ಮಗಳು ಮೂವರೂ ಅಲ್ಲಿಗೆ ಹೋದೆವು. ಗುಮ್ಮಟದ ಕೆಳಗೆ ನಿಂತು ನಾನು ತಲೆ ಎತ್ತಿದೆ. ಅಕ್ಕ ಪಕ್ಕದಲ್ಲಿ ನಿಂತು ಮುಗುಳ್ನಕ್ಕರು. ಸಂಜೆ ಅವರ ತಂದೆ ದುರಸ್ತಿ ಮಾಡಿದ್ದ ಗಂಜಿನ ಹತ್ತಿರ ಕರೆದೊಯ್ದರು. ಅಲ್ಲಿ ಕೂತಿದ್ದ ಹಿರಿಯರಿಗೆ ನನ್ನನ್ನು ಪರಿಚಯ ಮಾಡಿಸಿದ ರೀತಿ ಕೇಳಿ: "ಇಕಿ ನಮ್ಮ ತಂಗಿ. ರಾಜಧಾನಿಯಿಂದ ಬಂದಾಳ."

"ಬೆಂಗಳೂರೇನವ್ವಾ?" ಎಂದರು ಆ ಹಿರಿಯರು.

"ಅಲ್ರಿ. ಯಲಹಂಕ," ಎಂದರು ಅಕ್ಕ, ತಲೆ ಎತ್ತಿ.

ಸೇತುವೆಯ ಮೇಲೆ ಇಷ್ಟು ಹೇಳುವಷ್ಟರಲ್ಲಿ ಮುಂದಿನ ಗಾಡಿಗಳು ಚಲಿಸಿದವು. ಮಗಳು ಮನೆಯ ದಾರಿ ಹಿಡಿಯದೆ ಸೇತುವೆ ಇಳಿದು ತಿರುಗಿಸಿದಳು. "ಎಲ್ಲಿತ್ತಮ್ಮಾ ಅದು? ತೋರಿಸು," ಎಂದಳು. ನಾವು ಆ ಬಡಾವಣೆ ಬಿಟ್ಟು ನಲವತ್ತು ವರ್ಷ ದಾಟಿದೆ, ಅವಳಿಗಾಗ ಐದಾರು ವರ್ಷ. ಇಳಿಜಾರು ಮಾತ್ರ ಹಾಗೇ ಇತ್ತು. ಕಾವೇರಿ ನೀರು ಬಂದ ಮೇಲೆ ಗಂಜಿಗೆ ಕೆಲಸವಿಲ್ಲದೆ ಹೋಗಿ, ಯಾವಾಗಲೋ ಕೆಡವಿದ್ದರು. ಅಲ್ಲೊಂದು ಐದು ಮಹಡಿಯ ಕಟ್ಟಡ. ಗೇಟಿನ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಸಮವಸ್ತ್ರದ ಕಾವಲುಗಾರರೊಬ್ಬರು ಕೂತಿದ್ದರು. ನಲವತ್ತೈದು ದಾಟಿರಬಹುದು. ನಮ್ಮನ್ನು ನೋಡಿ ಎದ್ದರು.

"ಯಾರ್ ಬೇಕಾಗಿತ್ರಿ?"

"ಯಾರೂ ಬೇಡಪ್ಪ. ಇಲ್ಲಿ ಮುಂಚೆ ಒಂದು ಗೋಪುರ ಇತ್ತು, ನೋಡೋಣ ಅಂತ ಬಂದ್ವಿ," ಎಂದೆ. ಅವರ ಮಾತಿನ ಧಾಟಿ ಕೇಳಿ ನನ್ನ ಕಿವಿ ನೆಟ್ಟಗಾಗಿತ್ತು. "ನಿಮ್ಮದು ಯಾವೂರು?"

"ಕಲಬುರ್ಗಿ ಕಡಿ ಅದರಿ. ಮಳಖೇಡ ಅಂತ. ಸಣ್ಣ ಊರು." ಅವರು ಅಷ್ಟಕ್ಕೇ ನಿಲ್ಲಿಸಿದರು. ಆಮೇಲೆ, ಹೇಳಲೋ ಬೇಡವೋ ಎಂಬಂತೆ, "ಅದೂ ಒಂದು ಕಾಲಕ್ಕ ರಾಜಧಾನಿ ಇತ್ರಿ ಅಮ್ಮಾ. ಇಲ್ಲಿ ಹೇಳಿದ್ರ ನಗ್ತಾರ. ಕಾಗಿಣಾ ಹೊಳಿ ದಂಡಿ ಮ್ಯಾಲ ಕೋಟಿ ಇನ್ನಾ ಅದ."

ಮಗಳು ಕಾರಿನ ಎಂಜಿನ್ ಆರಿಸಿದಳು. ಆ ಗೃಹಸ್ಥರು ತಮ್ಮ ಕುರ್ಚಿಯನ್ನು ನನ್ನತ್ತ ಸರಿಸಿ, ತಾವು ಗೇಟಿನ ಕಟ್ಟೆಯ ಮೇಲೆ ಕೂತರು. ನಾನು ಸೆರಗು ಹೊದ್ದು ನೆಮ್ಮದಿಯಾಗಿ ಕೂತುಕೊಂಡೆ.

"ಹೇಳಪ್ಪ," ಎಂದೆ. "ಮೊದಲಿನಿಂದ ಹೇಳು. ನಮಗೇನೂ ಅವಸರವಿಲ್ಲ."